ಹನ್ನೊಂದೂವರೆಯ ಬಿಪಿ

ಡಯಾಲಿಸಿಸ್ ಚಾರ್ಟಿನಲ್ಲಿ ಎಂಟು ಸಾಲುಗಳಿರುತ್ತವೆ. ನಾಲ್ಕು ಗಂಟೆಯ ಚಿಕಿತ್ಸೆ, ಅರ್ಧ ಗಂಟೆಗೊಂದು ಸಾಲು. ಪ್ರತಿ ಸಾಲಿನಲ್ಲೂ ರೋಗಿಯ ಬಿಪಿ, ನಾಡಿ, ರಕ್ತ ಓಡುವ ವೇಗ, ಅದು ದೇಹಕ್ಕೆ ಮರಳುವ ಕಡೆಯ ಒತ್ತಡ, ಕೊನೆಯಲ್ಲಿ ಒಂದು ಪುಟ್ಟ ಚೌಕ. ಹೊದಿಕೆ ಸರಿಸಿ, ಸೂಜಿ ಚುಚ್ಚಿದ ಜಾಗವನ್ನು ಕಣ್ಣಾರೆ ನೋಡಿದ ಮೇಲೆ ಆ ಚೌಕದಲ್ಲಿ ಟಿಕ್ ಹಾಕಬೇಕು. ದಾವಣಗೆರೆಯ ನಮ್ಮ ಘಟಕದಲ್ಲಿ ಆರು ಯಂತ್ರಗಳು, ಪಾಳಿಗೆ ಇಬ್ಬರು ಟೆಕ್ನೀಷಿಯನ್ನರು. ನಾವು ಏನು ಮಾಡುತ್ತಿದ್ದೆವೆಂದರೆ, ಎರಡು ಮೂರು ಸಾಲುಗಳನ್ನು ಒಟ್ಟಿಗೇ ತುಂಬಿಬಿಡುತ್ತಿದ್ದೆವು. ಹತ್ತು ಗಂಟೆಗೆ ನೂರ ಮೂವತ್ತು ಇದ್ದರೆ ಹತ್ತೂವರೆಗೆ ನೂರ ಇಪ್ಪತ್ತೆಂಟು, ಹನ್ನೊಂದಕ್ಕೆ ನೂರ ಇಪ್ಪತ್ತಾರು. ಎಲ್ಲವೂ ಒಂದೇ ಇದ್ದರೆ ಅನುಮಾನ ಬರುತ್ತದೆ, ಅದಕ್ಕೇ ಸ್ವಲ್ಪ ಏರಿಳಿತ. ಹಾಗೆ ಉಳಿಸಿದ ಹೊತ್ತಿನಲ್ಲಿ ಏನು ಮಾಡುತ್ತಿದ್ದೆವು ಎಂದು ಕೇಳಿದರೆ, ಫೋನ್ ನೋಡುತ್ತಿದ್ದೆವು.

ಫೋನು ಡ್ಯೂಟಿಗೇ ಬೇಕು ಎಂಬುದು ನಮ್ಮ ಗುರಾಣಿ. ಕಿಡ್ನಿ ಡಾಕ್ಟರು ಮೂರು ಆಸ್ಪತ್ರೆ ನೋಡಿಕೊಳ್ಳುತ್ತಿದ್ದರು. ಯಾರಿಗೆ ಎಷ್ಟು ನೀರು ತೆಗೆಯಬೇಕು, ಯಾರ ಔಷಧ ನಿಲ್ಲಿಸಬೇಕು, ಎಲ್ಲ ಆರ್ಡರುಗಳೂ ಮೊಬೈಲ್ ಗ್ರೂಪಿನಲ್ಲೇ ಬರುತ್ತಿದ್ದವು. ಅದೇ ಗ್ರೂಪಿನಲ್ಲಿ ಶುಭೋದಯದ ಗುಲಾಬಿಗಳು, ಕಳೆದುಹೋದ ಟಿಫನ್ ಡಬ್ಬಿಯ ಫೋಟೊ, ಯಾರದೋ ಮದುವೆ ವಾರ್ಷಿಕೋತ್ಸವಕ್ಕೆ ನಲವತ್ತು ಜನರ ಕೈಮುಗಿಯುವ ಚಿತ್ರ. ಡಾಕ್ಟರ ಆರ್ಡರ್ ನೋಡಲೆಂದು ಫೋನ್ ತೆಗೆದವಳು ಹತ್ತು ನಿಮಿಷ ಬಿಟ್ಟು ತಲೆ ಎತ್ತಿದರೆ ಯಾವ ಆರ್ಡರ್ ಎಂಬುದೇ ಮರೆತಿರುತ್ತಿತ್ತು. ನಾನು ಆ ಪಾಳಿಯ ಮುಖ್ಯಸ್ಥೆ. ಬೇರೆಯವರನ್ನು ಬೈಯುವ ಅಧಿಕಾರ ನನ್ನದೇ ಆಗಿದ್ದರಿಂದ ನನ್ನನ್ನು ಬೈಯುವವರು ಇರಲಿಲ್ಲ.

ಒಂದು ಸಲ ಎಚ್ಚರಿಕೆ ಸಿಕ್ಕಿತ್ತು. ನಾಲ್ಕನೆಯ ಹಾಸಿಗೆಯ ನಿವೃತ್ತ ಮೇಷ್ಟ್ರಿಗೆ ಇದ್ದಕ್ಕಿದ್ದಂತೆ ವಾಂತಿಯಾಗಿ ಕಣ್ಣು ಮೇಲಾಯಿತು. ಬಿಪಿ ಎಂಬತ್ತಕ್ಕೆ ಇಳಿದಿತ್ತು. ಚಾರ್ಟಿನಲ್ಲಿ ಮಾತ್ರ ನೂರ ಮೂವತ್ತು ಎಂದು ನನ್ನ ಅಕ್ಷರದಲ್ಲೇ ಇತ್ತು. ಕಾಲು ಎತ್ತರಿಸಿ, ಸಲೈನ್ ಬಿಟ್ಟು ಉಳಿಸಿಕೊಂಡೆವು. ಅವತ್ತು ನಿಜಕ್ಕೂ ಹೆದರಿದ್ದೆ. ಮರುದಿನವೇ ಮನೆಯಿಂದ ಒಂದು ಸ್ಟೀಲ್ ಡಬ್ಬಿ ತಂದು, ಪಾಳಿ ಮುಗಿಯುವ ತನಕ ಎಲ್ಲರ ಫೋನೂ ಇದರಲ್ಲೇ ಇರಬೇಕು ಎಂದು ದೊಡ್ಡ ಗಂಟಲಿನಲ್ಲಿ ಸಾರಿದೆ. ಒಂಬತ್ತನೆಯ ದಿನ ಡಾಕ್ಟರು ಒಬ್ಬರ ಚಾರ್ಟಿನ ಫೋಟೊ ಕಳಿಸಿ ಎಂದರು. ಡಬ್ಬಿ ತೆಗೆದು ನನ್ನ ಫೋನ್ ಹೊರಗಿಟ್ಟೆ. ಮತ್ತೆ ಒಳಗೆ ಹಾಕಲಿಲ್ಲ. ಇನ್ನೊಬ್ಬ ಟೆಕ್ನೀಷಿಯನ್ ಅದನ್ನು ನೋಡಿ ತನ್ನದನ್ನೂ ತೆಗೆದುಕೊಂಡ. ಡಬ್ಬಿಯಲ್ಲಿ ಹತ್ತಿ ಉಂಡೆ ತುಂಬಿಟ್ಟೆವು.

ಆ ದಿನಗಳಲ್ಲಿ ಮೂರನೆಯ ಹಾಸಿಗೆಗೆ ಸೋಮವಾರ ಮತ್ತು ಗುರುವಾರ ಬರುತ್ತಿದ್ದವಳು ಕುಕ್ಕುವಾಡದ ಒಬ್ಬ ಹೆಣ್ಣುಮಗಳು. ವಯಸ್ಸು ಮೂವತ್ತೆರಡು. ಗಂಡ ಭತ್ತದ ಗದ್ದೆ ಮಾಡುತ್ತಿದ್ದ, ಇವಳು ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು, ಮೂರನೆಯ ಕ್ಲಾಸಿನ ಒಬ್ಬಳು ಮಗಳು. ಬಸ್ಸಿಳಿದು ನಡೆದು ಬಂದು, ತೂಕ ನೋಡಿಸಿ, ಹಾಸಿಗೆ ಹತ್ತಿ, ಎಡಗೈ ಚಾಚಿ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಬಲಗೈಯಲ್ಲಿ ಧಾರಾವಾಹಿ ನೋಡುತ್ತಾ ನಾಲ್ಕು ಗಂಟೆ ಕಳೆಯುತ್ತಿದ್ದಳು. ಅವಳ ಕೈಯ ನರ ಆಳದಲ್ಲಿತ್ತು, ಸೊಟ್ಟಗಿತ್ತು. ನಾನು ಬಿಟ್ಟರೆ ಬೇರೆ ಯಾರು ಚುಚ್ಚಿದರೂ ಎರಡು ಮೂರು ಸಲ ತಪ್ಪುತ್ತಿತ್ತು. "ಸಿಸ್ಟರ್ ಬರೋತನ ನಾ ಕೈ ಕೊಡಂಗಿಲ್ರಿ," ಎಂದು ಹಟ ಹಿಡಿದು ಕಾಯುತ್ತಿದ್ದಳು. ನನಗೆ ಅದರಲ್ಲಿ ಸ್ವಲ್ಪ ಜಂಬವೂ ಇತ್ತು.

ಅವಳ ಫೈಲಿನ ಮೇಲೆ ಡಾಕ್ಟರು ಕೆಂಪು ಶಾಯಿಯಲ್ಲಿ ಒಂದು ಸಾಲು ಬರೆದಿದ್ದರು: ರಕ್ತ ಕೊಡಬಾರದು. ಕಾರಣ, ಹರಿಹರದಲ್ಲಿದ್ದ ಅವಳ ಅಕ್ಕ ಒಂದು ಕಿಡ್ನಿ ಕೊಡಲು ಒಪ್ಪಿದ್ದಳು. ಅತ್ತೆ ಮಾವನನ್ನು ಒಪ್ಪಿಸಲು ಆ ಅಕ್ಕನಿಗೆ ಎಂಟು ತಿಂಗಳು ಹಿಡಿದಿತ್ತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಇಬ್ಬರ ರಕ್ತವನ್ನೂ ಸೇರಿಸಿ ಪರೀಕ್ಷೆ ಮಾಡಿದಾಗ ಹೊಂದಿಕೆಯಾಗಿತ್ತು. ಇಂಥ ಹೊತ್ತಿನಲ್ಲಿ ಬೇರೆಯವರ ರಕ್ತ ಮೈಗೆ ಹೋದರೆ, ದೇಹ ಪರಕೀಯವಾದದ್ದರ ವಿರುದ್ಧ ಕಾದಾಡುವುದನ್ನು ಕಲಿತುಬಿಡುವ ಅಪಾಯವಿದೆ. ಆಮೇಲೆ ಅಕ್ಕನ ಕಿಡ್ನಿಯನ್ನೂ ಅದು ಶತ್ರು ಎಂದೇ ತಿಳಿಯಬಹುದು. ಶಸ್ತ್ರಚಿಕಿತ್ಸೆಗೆ ಮುಂದಿನ ತಿಂಗಳ ದಿನ ಗೊತ್ತಾಗಿತ್ತು. ಅಷ್ಟು ದಿನ ಅವಳ ರಕ್ತ ಅವಳೊಳಗೇ ಇರುವ ಹಾಗೆ ನೋಡಿಕೊಳ್ಳುವುದು ನಮ್ಮ ಕೆಲಸವಾಗಿತ್ತು.

ಅದೊಂದು ಸೋಮವಾರ. ಒಂಬತ್ತೂವರೆಗೆ ಅವಳನ್ನು ಯಂತ್ರಕ್ಕೆ ಹಾಕಿದೆ. ಎರಡು ಸೂಜಿ: ಒಂದು ರಕ್ತ ಎಳೆಯಲು, ಇನ್ನೊಂದು ಶುದ್ಧವಾದ ರಕ್ತ ಹಿಂದಕ್ಕೆ ಕಳಿಸಲು. ಹಿಂದಕ್ಕೆ ಕಳಿಸುವ ಸೂಜಿಗೆ ಮೂರು ಪಟ್ಟಿ ಪ್ಲಾಸ್ಟರ್ ಹಾಕಬೇಕು. ಒಂದು ಸೂಜಿಯ ರೆಕ್ಕೆಯ ಮೇಲೆ ಅಡ್ಡಕ್ಕೆ, ಒಂದು ಕೆಳಗಿನಿಂದ ತಂದು ಕತ್ತರಿಯಾಕಾರದಲ್ಲಿ, ಮೂರನೆಯದು ಟ್ಯೂಬನ್ನು ಬಳಸಿ ಕೈಗೆ. ಮೂರನೆಯ ಪಟ್ಟಿ ಹರಿಯುವಾಗ ನನ್ನ ಏಪ್ರನ್ ಜೇಬಿನಲ್ಲಿ ಫೋನ್ ನಡುಗಿತು. ಆ ಪಟ್ಟಿಯನ್ನು ಹಾಕಿದೆನೋ ಇಲ್ಲವೋ ನನಗೆ ಇವತ್ತಿಗೂ ನೆನಪಾಗುವುದಿಲ್ಲ. ಎಷ್ಟು ಸಲ ಕಣ್ಣು ಮುಚ್ಚಿ ನೆನಪಿಸಿಕೊಂಡರೂ ಆ ಜಾಗದಲ್ಲಿ ಏನೂ ಇಲ್ಲ. ಎ.ಸಿ.ಯ ಚಳಿಗೆ ಅವಳು ಕೈಯ ಮೇಲೆ ಹೊದಿಕೆ ಎಳೆದುಕೊಂಡಳು. ಕೈ ಹೊರಗಿರಬೇಕು ಎಂಬುದು ನಿಯಮ. ನಾನು ಹೇಳಲಿಲ್ಲ.

ಹನ್ನೊಂದು ಗಂಟೆಗೆ ನಿಜವಾಗಿಯೂ ಬಿಪಿ ನೋಡಿದೆ. ನೂರ ಇಪ್ಪತ್ತಾರು ಎಂದು ಬರೆದೆ. ಪೆನ್ನು ಕೈಯಲ್ಲೇ ಇತ್ತಲ್ಲ, ಹನ್ನೊಂದೂವರೆಯ ಸಾಲನ್ನೂ ತುಂಬಿದೆ. ನೂರ ಇಪ್ಪತ್ನಾಲ್ಕು. ಚೌಕದಲ್ಲಿ ಟಿಕ್. ಮೇಜಿಗೆ ಬಂದು ಕೂತು ಫೋನ್ ತೆಗೆದೆ. ಮನೆಯಿಂದ ತುರ್ತು ಕರೆ ಬಂದಿತ್ತು ಎಂದು ಬರೆಯಲು ಸಾಧ್ಯವಿದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಹಾಗೇನೂ ಇರಲಿಲ್ಲ. ಗ್ರೂಪ್ ನೋಡಿದೆ, ಆರ್ಡರ್ ಇರಲಿಲ್ಲ, ಅಲ್ಲಿಂದ ಬೆರಳು ಎಲ್ಲೋ ಹೋಗಿ, ಕುಕ್ಕರಿನ ರಬ್ಬರ್ ಸಡಿಲಾದರೆ ಅದನ್ನು ಮತ್ತೆ ಬಿಗಿ ಮಾಡುವುದು ಹೇಗೆ ಎಂದು ಒಬ್ಬಾಕೆ ತೋರಿಸುವ ವಿಡಿಯೊ ನೋಡುತ್ತಿದ್ದೆ. ನಮ್ಮ ಮನೆಯ ಕುಕ್ಕರ್ ಚೆನ್ನಾಗಿಯೇ ಇತ್ತು.

ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ ಮೂರನೆಯ ಯಂತ್ರ ಕೂಗಿತು. ಆರು ಯಂತ್ರಗಳು ದಿನವಿಡೀ ಕೂಗುತ್ತಲೇ ಇರುತ್ತವೆ. ಯಾರೋ ಕೈ ಮಡಚಿದರೆ, ಕೆಮ್ಮಿದರೆ, ಟ್ಯೂಬು ಕೊಂಚ ಬಾಗಿದರೆ ಸಾಕು. ಎದ್ದು ಹೋದೆ. ಎಡಗೈಯಲ್ಲಿ ಫೋನು, ವಿಡಿಯೊ ಇನ್ನೂ ಓಡುತ್ತಿತ್ತು. ಬಲಗೈ ಹೆಬ್ಬೆರಳಿನಿಂದ ಸದ್ದು ಆರಿಸಿದೆ, ಇನ್ನೊಮ್ಮೆ ಒತ್ತಿ ಕೆಂಪು ದೀಪ ಆರಿಸಿದೆ. ಮೊಬೈಲಿನಲ್ಲಿ ಬೇಡದ ಮೆಸೇಜನ್ನು ಪಕ್ಕಕ್ಕೆ ತಳ್ಳುತ್ತೇವಲ್ಲ, ಅದೇ ಬೆರಳು, ಅದೇ ಅಸಡ್ಡೆ. ಹೊದಿಕೆ ಎತ್ತಲಿಲ್ಲ. ಅವಳೂ ಧಾರಾವಾಹಿಯಿಂದ ಕಣ್ಣು ತೆಗೆಯಲಿಲ್ಲ. ಒಂದು ಮೊಳ ಅಂತರದಲ್ಲಿ ಇಬ್ಬರೂ ನಮ್ಮ ನಮ್ಮ ಪರದೆ ನೋಡುತ್ತಿದ್ದೆವು.

ಈ ಯಂತ್ರಗಳಿಗೆ ಒಂದು ಗುಣವಿದೆ. ರಕ್ತ ಮರಳುವ ಕಡೆ ಒತ್ತಡ ತಗ್ಗಿದರೆ ಕೂಗಿ ಹೇಳುತ್ತವೆ. ಸೂಜಿ ಜಾರಿದರೆ ಒತ್ತಡ ತಗ್ಗುತ್ತದೆ. ಆದರೆ ನೀವು ಬಟನ್ ಒತ್ತಿ ಮುಂದುವರಿ ಎಂದುಬಿಟ್ಟರೆ, ತಗ್ಗಿದ ಒತ್ತಡವೇ ಸರಿ ಎಂದು ಒಪ್ಪಿಕೊಂಡು ಅದರ ಸುತ್ತ ಹೊಸ ಗಡಿ ಹಾಕಿಕೊಳ್ಳುತ್ತವೆ. ಆಮೇಲೆ ಕೂಗುವುದಿಲ್ಲ. ತರಬೇತಿಯಲ್ಲಿ ಇದನ್ನು ಹೊಸಬರಿಗೆ ಕಲಿಸುತ್ತಿದ್ದವಳೇ ನಾನು.

ಹನ್ನೊಂದು ಮೂವತ್ತೈದಕ್ಕೆ ನಿವೃತ್ತ ಮೇಷ್ಟ್ರು ಪಕ್ಕದ ಹಾಸಿಗೆಯಿಂದ ಕರೆದರು. ಅವರದು ಯಾವಾಗಲೂ ಮೆಲುದನಿ. "ಸಿಸ್ಟರ್, ಆ ಹುಡುಗಿ ಮಂಚದ ಕೆಳಗೆ ಏನೋ ಐತೆ ನೋಡ್ರಿ."

ಹೊದಿಕೆ ಎಳೆದೆ. ಸೂಜಿ ಅರ್ಧ ಹೊರಗೆ ಬಂದಿತ್ತು. ಹಾಸಿಗೆ ಕುಡಿದಷ್ಟು ಕುಡಿದು ಉಳಿದ ರಕ್ತ ಕೆಳಗೆ ಹನಿಯುತ್ತಿತ್ತು. ಪಂಪ್ ನಿಲ್ಲಿಸಿ, ಎರಡೂ ಟ್ಯೂಬಿಗೆ ಕ್ಲ್ಯಾಂಪ್ ಹಾಕಿ, ತೂತಿನ ಮೇಲೆ ಎರಡು ಬೆರಳು ಒತ್ತಿ ಹಿಡಿದೆ. ಜೊತೆಗಾರ ಓಡಿ ಬಂದು ಕಾಲ ಕಡೆ ಮಂಚ ಎತ್ತರಿಸಿದ, ಸಲೈನ್ ಪೂರ್ತಿ ಬಿಟ್ಟ. ಬಿಪಿ ಯಂತ್ರ ಮೂರು ಸಲ ಗಾಳಿ ತುಂಬಿಕೊಂಡು ಮೂರು ಸಲವೂ ಅಂಕಿ ತೋರಿಸಲಿಲ್ಲ. ಅವಳ ಮುಖ ಸುಣ್ಣದ ಹಾಗಿತ್ತು, ಹಣೆ ತಣ್ಣಗಿತ್ತು. ಒಂದು ಇಯರ್‌ಫೋನ್ ಕಿವಿಯಿಂದ ಜಾರಿ ದಿಂಬಿನ ಮೇಲೆ ಬಿದ್ದಿತ್ತು. ಅದರೊಳಗಿಂದ ಅತ್ತೆ ಸೊಸೆಯರ ಜಗಳ ಸಣ್ಣಗೆ ಕೇಳುತ್ತಲೇ ಇತ್ತು. ಅದನ್ನು ನಿಲ್ಲಿಸಲು ನನ್ನ ಎರಡು ಕೈಗಳೂ ಖಾಲಿ ಇರಲಿಲ್ಲ.

ಡಾಕ್ಟರು ಹದಿನೈದು ನಿಮಿಷದಲ್ಲಿ ಬಂದರು. ಹಿಮೋಗ್ಲೋಬಿನ್ ನಾಲ್ಕೂವರೆಗೆ ಇಳಿದಿತ್ತು. ಅವರು ಫೈಲಿನ ಕೆಂಪು ಸಾಲನ್ನು ಒಂದು ಕ್ಷಣ ನೋಡಿದರು. "ಕೊಡಬಾರದು ಅಂತ ನಾನೇ ಬರೆದಿದ್ದೀನಿ. ಕೊಡದಿದ್ರೆ ಸಂಜೆ ತನಕ ಇರಲ್ಲ," ಎಂದರು. ಅಪಾಯ ಕಡಿಮೆ ಮಾಡುವಂಥ ಸೋಸಿದ ರಕ್ತ ತರಿಸಲು ಹೊತ್ತು ಹಿಡಿಯುತ್ತಿತ್ತು. ಅಷ್ಟು ಹೊತ್ತು ಅವಳ ಹತ್ತಿರ ಇರಲಿಲ್ಲ. ಎರಡು ಬಾಟಲಿ ಹಾಕಿದೆವು. ಮೊದಲನೆಯದನ್ನು ನೇತುಹಾಕಿದವಳು ನಾನು. ಹಾಕಿದ ಮೇಲೆ ಫೈಲನ್ನು ಬೋರಲಾಗಿಟ್ಟೆ.

ಅವಳು ಕಣ್ಣು ಬಿಟ್ಟ ಮೇಲೆ ಡಾಕ್ಟರು ಚಾರ್ಟ್ ತೆಗೆದುಕೊಂಡರು. ಆಗ ನನಗೆ ನೆನಪಾಯಿತು.

"ಹನ್ನೊಂದೂವರೆಗೆ ನೂರ ಇಪ್ಪತ್ನಾಲ್ಕು. ಸೂಜಿ ಓಕೆ," ಎಂದು ಓದಿದರು. "ಹಾಗಾದ್ರೆ ಐದೇ ನಿಮಿಷದಲ್ಲಿ ಜಾರಿರಬೇಕು."

"ಹೌದು ಸರ್," ಎಂದೆ.

ಇಷ್ಟೇ ನಾನು ಹೇಳಿದ ಸುಳ್ಳು. ಎರಡು ಪದ. ಮ್ಯಾನೇಜರು ಅದರ ಮೇಲೆ ವರದಿ ಕಟ್ಟಿದರು: ರೋಗಿ ಮೊಬೈಲ್ ನೋಡುವಾಗ ಕೈ ಅಲುಗಾಡಿಸಿದ್ದರಿಂದ ಸೂಜಿ ಜಾರಿದೆ, ಸಿಬ್ಬಂದಿ ತಕ್ಷಣ ಗಮನಿಸಿ ಜೀವ ಉಳಿಸಿದ್ದಾರೆ. ಅವಳನ್ನೂ ಕೇಳಿದರು. ಅವಳು ಮಲಗಿದಲ್ಲೇ ತಲೆ ಆಡಿಸಿದಳು. "ನಂದೇ ತಪ್ಪು ಬಿಡ್ರಿ. ಫೋನ್ ಆ ಕೈಯಿಂದ ಈ ಕೈಗೆ ತಗಂಡೆ ಅನ್ಸುತ್ತೆ. ಪಾಪ, ಸಿಸ್ಟರ್ ಇಲ್ದಿದ್ರೆ ನಾ ಇರ್ತಿರ್ಲಿಲ್ಲ." ಅವಳ ಗಂಡ ನನಗೆ ಕೈ ಮುಗಿದ. ಮುಂದಿನ ಗುರುವಾರ ಒಂದು ಚೀಲ ಸೋರೆಕಾಯಿ, ಬದನೆಕಾಯಿ ತಂದುಕೊಟ್ಟ. ನಾನು ತೆಗೆದುಕೊಂಡೆ. ಬೇಡ ಎಂದರೆ ಯಾಕೆ ಎಂದು ಕೇಳುತ್ತಿದ್ದ. ಮನೆಗೆ ಒಯ್ಯದೆ ದಾರಿಯಲ್ಲಿ ವಿನೋಬನಗರದ ಒಂದು ಗುಡಿಯ ಕಟ್ಟೆಯ ಮೇಲೆ ಇಟ್ಟು ಬಂದೆ.

ಯಂತ್ರದೊಳಗೆ ಒಂದು ನೆನಪಿನ ಪುಸ್ತಕ ಇರುತ್ತದೆ. ಯಾವ ಅಲಾರಂ ಎಷ್ಟು ಹೊತ್ತಿಗೆ ಬಂತು, ಅದನ್ನು ಯಾವಾಗ ಆರಿಸಿದರು, ಎಲ್ಲವನ್ನೂ ಅದು ಬರೆದಿಟ್ಟುಕೊಳ್ಳುತ್ತದೆ. ರಿಪೇರಿಗೆ ಬರುವ ಎಂಜಿನಿಯರ್ ಬಿಟ್ಟರೆ ಯಾರೂ ಅದನ್ನು ತೆರೆಯುವುದಿಲ್ಲ. ಮರುದಿನ ನಾನು ತೆರೆದೆ. ಹನ್ನೊಂದು ಹನ್ನೆರಡು, ಒತ್ತಡ ಕಡಿಮೆ. ಹನ್ನೊಂದು ಹನ್ನೆರಡು, ಸದ್ದು ಆರಿಸಲಾಗಿದೆ. ಹನ್ನೊಂದು ಹದಿಮೂರು, ಮುಂದುವರಿಸಲಾಗಿದೆ. ಒಂದು ಚೀಟಿಯಲ್ಲಿ ಬರೆದುಕೊಂಡು ಪರ್ಸಿನಲ್ಲಿಟ್ಟೆ. ಯಾಕೆ ಬರೆದುಕೊಂಡೆ ಎಂದು ಆಗ ಗೊತ್ತಿರಲಿಲ್ಲ. ಆ ಚೀಟಿ ಪರ್ಸಿನಲ್ಲಿದ್ದಷ್ಟು ದಿನವೂ ನಾನು ಫೋನ್ ನೋಡುತ್ತಲೇ ಇದ್ದೆ ಎಂಬುದನ್ನೂ ಹೇಳಿಬಿಡುತ್ತೇನೆ. ಮೊದಲಿಗಿಂತ ಹೆಚ್ಚೇ ನೋಡುತ್ತಿದ್ದೆ. ಮನಸ್ಸಿಗೆ ಬರುವುದು ಬಾರದಿರಲಿ ಎಂದು.

ನಾಲ್ಕು ವಾರ ಬಿಟ್ಟು ಬೆಂಗಳೂರಿನಲ್ಲಿ ಇಬ್ಬರ ರಕ್ತವನ್ನೂ ಮತ್ತೆ ಪರೀಕ್ಷೆ ಮಾಡಿದರು. ಹೊಂದಲಿಲ್ಲ. ಇನ್ನೊಮ್ಮೆ ಮಾಡಿದರು. ಆಗಲೂ ಹೊಂದಲಿಲ್ಲ. ಶಸ್ತ್ರಚಿಕಿತ್ಸೆ ರದ್ದಾಯಿತು. ಡಾಕ್ಟರು ಅವಳಿಗೆ ಕಿಟಕಿಯ ಕಡೆ ನೋಡುತ್ತಾ ಹೇಳಿದರು. ಅವಳು, "ಹಂಗಾರೆ ಹಿಂಗೇ ಬರ್ತಿರ್ಬೇಕೇನ್ರಿ, ಸೋಮವಾರ, ಗುರುವಾರ?" ಎಂದಷ್ಟೇ ಕೇಳಿದಳು.

ಮುಂದಿನ ವಾರಗಳಲ್ಲಿ ಅವಳು ಫೋನ್ ತರುವುದನ್ನು ನಿಲ್ಲಿಸಿದಳು. ನಾಲ್ಕು ಗಂಟೆ ಸುಮ್ಮನೆ ಮಾಡು ನೋಡುತ್ತಾ ಮಲಗುತ್ತಿದ್ದಳು. ಒಂದು ದಿನ ಸೂಜಿ ಹಾಕುವಾಗ ಕೇಳಿದೆ, ಯಾಕೆ ತಂಗಿ, ಫೋನ್ ಎಲ್ಲಿ ಎಂದು.

"ನಮ್ಮಕ್ಕ ಮಾತು ಬಿಟ್ಟಾಳ್ರಿ. ಎಂಟು ತಿಂಗ್ಳು ಎಲ್ಲರ ಕಾಲು ಹಿಡಿದು ಒಪ್ಸಿದ್ನಲ್ಲೇ, ನಿನಗೆ ಒಂದು ಕೈ ಅಲ್ಲಾಡಿಸ್ದಂಗೆ ಇರಾಕ ಆಗ್ಲಿಲ್ಲೇನು, ಆ ಫೋನು ನಿನ್ನ ಮಗಳಿಗಿಂತ ಹೆಚ್ಚಾತೇನು ಅಂದ್ಲು. ಖರೇವು ಐತಲ್ರಿ. ನನ್ನ ಮಗಳ ಬಾಯಿಗೆ ನಾನೇ ಮಣ್ಣು ಹಾಕಿದೆ."

ಅವಳು ಅಳಲಿಲ್ಲ. ನನ್ನ ಕೈಯಲ್ಲಿ ಸೂಜಿ ಇತ್ತು, ಮೂರು ಪಟ್ಟಿ ಪ್ಲಾಸ್ಟರ್ ಹರಿದು ಮಂಚದ ಕಂಬಿಗೆ ಅಂಟಿಸಿಟ್ಟಿದ್ದೆ. ನಾನು ಮಾಡಿದ ತಪ್ಪನ್ನು ಅವಳು ತನ್ನದೆಂದು ಹೊತ್ತುಕೊಂಡು ಮಲಗಿದ್ದಳು, ಅದೂ ನನಗೇ ಕೈ ಚಾಚಿ. ನನ್ನ ಮೇಲೆ ನನಗೆ ಅಷ್ಟು ಅಸಹ್ಯ ಹಿಂದೆಂದೂ ಆಗಿರಲಿಲ್ಲ. ಅವಳ ಕಿಡ್ನಿಯನ್ನು ಮರಳಿ ಕೊಡಲು ನನ್ನಿಂದಾಗುವುದಿಲ್ಲ. ಅಕ್ಕನನ್ನಾದರೂ ಮರಳಿಸಬಹುದಿತ್ತು.

ಅವತ್ತು ಪಾಳಿ ಮುಗಿದ ಮೇಲೆ ಎರಡು ಪುಟ ಬರೆದೆ. ಮುಂಚೆಯೇ ತುಂಬಿದ ಸಾಲು, ಆರಿಸಿದ ಅಲಾರಂ, ಎತ್ತದ ಹೊದಿಕೆ, ವಿಡಿಯೊ, ಎಲ್ಲವನ್ನೂ. ಡಾಕ್ಟರು ಓದಿ ಮ್ಯಾನೇಜರನ್ನು ಕರೆಸಿದರು. ಮ್ಯಾನೇಜರು ಬಾಗಿಲು ಹಾಕಿಕೊಂಡು ಬಂದರು. "ಮೇಡಂ, ಇದನ್ನ ರೈಟಿಂಗ್‌ನಾಗೆ ಯಾಕ ಕೊಡ್ತೀರಿ? ಆಗಿದ್ದು ಆಗಿ ಹೋಗೈತೆ. ಪೇಷಂಟೇ ಒಪ್ಕೊಂಡಾರಲ್ರಿ." ಅದಕ್ಕೇ ಕೊಡುತ್ತಿದ್ದೇನೆ ಎಂದೆ. ಧೈರ್ಯ ಎಂದು ಯಾರೂ ಹೊಗಳುವುದು ಬೇಡ. ಎಂಟು ವಾರ ತಡವಾದ ಮಾತಿಗೆ ಧೈರ್ಯ ಎಂಬ ಹೆಸರು ಒಪ್ಪುವುದಿಲ್ಲ.

ಅಲ್ಲಿಂದ ಹರಿಹರದ ಬಸ್ಸು ಹತ್ತಿದೆ. ಫೈಲಿನಲ್ಲಿದ್ದ ವಿಳಾಸ ಹಿಡಿದು ಅಕ್ಕನ ಮನೆ ಹುಡುಕಿದೆ. ಹೊಳೆಯ ಕಡೆ ಇಳಿಯುವ ಒಂದು ಓಣಿ, ಶೀಟಿನ ಮನೆ. ಆಕೆ ಆಗಷ್ಟೇ ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಂದು ಅಕ್ಕಿ ಆರಿಸುತ್ತಿದ್ದಳು. ಆಸ್ಪತ್ರೆಯಲ್ಲಿ ನನ್ನನ್ನು ನೋಡಿದ್ದಳು. "ಬರ್ರಿ ಸಿಸ್ಟರ್, ಕೂಡ್ರಿ," ಎಂದು ಕುರ್ಚಿ ಸರಿಸಿದಳು. ಕೂರಲಿಲ್ಲ. ಕೂತರೆ ಹೇಳಲಾಗುವುದಿಲ್ಲ ಎನಿಸಿತು. ನಿಂತೇ ಹೇಳಿದೆ. ಪರ್ಸಿನಿಂದ ಚೀಟಿ ತೆಗೆದು ಕೊಟ್ಟೆ.

ಆಕೆ ಚೀಟಿಯನ್ನು ಎರಡು ಸಲ ಓದಿದಳು.

"ಅಲಾರಂ ಹೊಡ್ಕೊಂಡಾಗ ನೀವು ಅಲ್ಲೇ ಇದ್ರಿ?"

"ಅಲ್ಲೇ ಇದ್ದೆ."

"ಕೌದಿ ಎತ್ತಿ ನೋಡ್ಲಿಲ್ಲ?"

"ಇಲ್ಲ."

"ಏನ್ ನೋಡ್ತಿದ್ರಿ ಫೋನ್‌ನಾಗೆ?"

ಸುಳ್ಳು ಹೇಳಲು ಕೊನೆಯ ಅವಕಾಶ ಅದು. ಹೇಳಿದೆ.

"ಕುಕ್ಕರ್ ರಬ್ಬರ್," ಎಂದಳು. ಬೈಗುಳಕ್ಕೆ ಕಾಯುತ್ತಾ ನಿಂತಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು. ಆಕೆ ಮೊರದಲ್ಲಿದ್ದ ಅಕ್ಕಿಯಲ್ಲಿ ಬೆರಳಾಡಿಸುತ್ತಾ ಕೂತಳು. "ನಾ ನನ್ನ ತಂಗಿ ಕೂಡ ಮಾತಾಡಿ ಇಪ್ಪತ್ತು ದಿನ ಆತು," ಎಂದಳು. ಮೊರ ಪಕ್ಕಕ್ಕಿಟ್ಟು, "ನೀವು ಇನ್ನ ಹೋಗ್ರಿ," ಎಂದಳು. ನಾನು ಹೊಸ್ತಿಲು ದಾಟುವಷ್ಟರಲ್ಲಿ ಒಳಗೆ ಫೋನಿನಲ್ಲಿ ನಂಬರ್ ಒತ್ತುವ ಸದ್ದು ಕೇಳಿಸಿತು. ಆಮೇಲೆ ಅವಳ ಅಳು.

ಅಕ್ಕ ತನ್ನ ತಂಗಿಯನ್ನು ನಮ್ಮಲ್ಲಿಂದ ಬಿಡಿಸಿ ಬೇರೆ ಕಡೆ ಸೇರಿಸಿದಳು. ಸರಿಯಾದದ್ದನ್ನೇ ಮಾಡಿದಳು. ನನಗೆ ಮೆಮೊ ಬಂತು, ಮುಖ್ಯಸ್ಥೆಯ ಕೆಲಸ ಹೋಯಿತು. ಕೆಲಸದಿಂದಲೇ ತೆಗೆಯಲಿಲ್ಲ, ಯಾಕೆಂದರೆ ನನ್ನ ಜಾಗಕ್ಕೆ ಜನ ಇರಲಿಲ್ಲ. ಡಾಕ್ಟರು ಒಂದೇ ಮಾತು ಕೇಳಿದರು: ಇದು ಮತ್ತೆ ಆಗದಂತೆ ಏನು ಮಾಡುತ್ತೀರಿ?

ಫೋನ್ ತರಬೇಡಿ ಎಂಬ ಬೋರ್ಡು ಹಾಕಿದರೆ ಒಂಬತ್ತು ದಿನ ನಿಲ್ಲುತ್ತದೆ ಎಂದು ನನಗೆ ಗೊತ್ತಿತ್ತು. ಡಾಕ್ಟರ ಆರ್ಡರು ಫೋನಿನಲ್ಲಿ ಬರುವ ತನಕ ಡಬ್ಬಿಯ ಮುಚ್ಚಳ ತೆರೆಯುತ್ತಲೇ ಇರುತ್ತದೆ. ಅದನ್ನು ಅವರ ಮುಂದೆಯೇ ಹೇಳಿದೆ. ಅವರಿಗೆ ಹಿಡಿಸಲಿಲ್ಲ. ಮೂರು ಕಡೆ ಓಡಾಡುವವನು ಪ್ರತಿ ಸಲ ಕರೆ ಮಾಡಲು ಆಗುತ್ತದೆಯೇ ಎಂದರು. ಕೊನೆಗೆ ಮೇಜಿನ ಮೇಲಿನ ವೈರಿನ ಫೋನಿಗೇ ಕರೆ ಮಾಡುವುದು, ನಾವು ಗೀಟು ಹಾಕಿದ ಪುಸ್ತಕದಲ್ಲಿ ಬರೆದು ಅವರಿಗೆ ಓದಿ ಹೇಳುವುದು ಎಂದಾಯಿತು. ಮೊದಲ ವಾರ ಅವರು ಮರೆತು ಗ್ರೂಪಿನಲ್ಲೇ ಆರ್ಡರ್ ಹಾಕಿದರು. ನಾವು ನೋಡಲಿಲ್ಲ. ಒಬ್ಬರ ಇಂಜೆಕ್ಷನ್ ತಪ್ಪಿತು. ಅವರು ಕೂಗಾಡಿದರು. ನಾನು ಪುಸ್ತಕ ತೆರೆದು ತೋರಿಸಿದೆ, ಅಲ್ಲಿ ಇರಲಿಲ್ಲ. ಅವತ್ತಿನಿಂದ ಕರೆ ಮಾಡತೊಡಗಿದರು.

ಡಬ್ಬಿಗೆ ಬೀಗ ಹಾಕಿ ಕೀಲಿಯನ್ನು ಕೆಳಗಿನ ರಿಸೆಪ್ಷನ್ನಿನಲ್ಲಿ ಕೊಟ್ಟೆವು. ಪಾತ್ರೆ ಅಂಗಡಿಯಿಂದ ಅಡುಗೆಮನೆಯ ಟೈಮರ್ ತಂದೆ. ಅರ್ಧ ಗಂಟೆಗೊಮ್ಮೆ ಅದು ಕಿರುಚುತ್ತದೆ, ಎದ್ದು ಹೋಗಿ ಮುಟ್ಟಿದರೆ ಮಾತ್ರ ನಿಲ್ಲುತ್ತದೆ. ಚಾರ್ಟುಗಳನ್ನು ಮೇಜಿನಿಂದ ತೆಗೆದು ಆಯಾ ಯಂತ್ರಕ್ಕೇ ದಾರದಲ್ಲಿ ಪೆನ್ನಿನ ಸಮೇತ ಕಟ್ಟಿದೆ. ಅಲಾರಂ ಕೂಗಿದರೆ ಎಡಗೈ ಮೊದಲು ರೋಗಿಯ ಕೈಯ ಮೇಲೆ, ಆಮೇಲೆ ಬಲಗೈ ಬಟನ್ನಿನ ಮೇಲೆ. ಎಡಗೈಯಲ್ಲಿ ಫೋನ್ ಇದ್ದರೆ ಇದು ಆಗುವುದಿಲ್ಲ.

ಜೊತೆಗಾರ ಎರಡನೆಯ ವಾರವೇ ಸಿಕ್ಕಿಬಿದ್ದ. ಡಬ್ಬಿಗೆ ಕೆಟ್ಟುಹೋದ ಹಳೆಯ ಫೋನ್ ಹಾಕಿ, ಚಾಲೂ ಇದ್ದದ್ದನ್ನು ಸಾಕ್ಸಿನೊಳಗೆ ಇಟ್ಟುಕೊಂಡಿದ್ದ. "ಮಗಳಿಗೆ ಜ್ವರ ಐತ್ರಿ ಅಕ್ಕಾರೆ, ಮನ್ಯಾಗಿಂದ ಫೋನ್ ಬಂದ್ರೆ ಏನು ಮಾಡ್ಲಿ?" ಎಂದ. ಸಿಟ್ಟು ನೆತ್ತಿಗೇರಿತ್ತು. ಆದರೆ ಅವನ ಮಾತು ಸುಳ್ಳಲ್ಲ. ರಿಸೆಪ್ಷನ್ನಿನ ನಂಬರನ್ನು ಎಲ್ಲರ ಮನೆಗೂ ಕೊಡಿಸಿದೆವು. ಆ ಮೇಲೂ ಅವನು ಸಾಕ್ಸ್ ಬಿಡಲು ಇನ್ನೊಂದು ತಿಂಗಳು ಹಿಡಿಯಿತು.

ನನ್ನ ಕಥೆಯೂ ಅಷ್ಟು ಚೆಂದವಿರಲಿಲ್ಲ. ಖಾಲಿ ಜೇಬಿನಲ್ಲಿ ಫೋನ್ ನಡುಗಿದ ಹಾಗಾಗಿ ಕೈ ಹೋಗುತ್ತಿತ್ತು. ಬೆರಳುಗಳು ಸುಮ್ಮನಿರದೆ ಪ್ಲಾಸ್ಟರ್ ಸುರುಳಿಯನ್ನು ಬಿಚ್ಚಿ ಸುತ್ತುತ್ತಿದ್ದವು. ಮನೆಯಲ್ಲಿ ಎಲ್ಲರ ಮೇಲೂ ಸಿಡುಕುತ್ತಿದ್ದೆ. ಎಲ್ಲಕ್ಕಿಂತ ಕಷ್ಟವಾದದ್ದು, ರೋಗಿಗಳ ಮಾತು ಕೇಳಿಸತೊಡಗಿದ್ದು. ಮೇಷ್ಟ್ರು ದಿನಕ್ಕೆ ಕುಡಿಯಬಹುದಾದ ಎರಡು ಲೋಟ ನೀರನ್ನು ಹೇಗೆ ಹಂಚಿಕೊಳ್ಳುತ್ತಾರೆ ಎಂದು ಹೇಳುತ್ತಿದ್ದರು. ಆರನೆಯ ಹಾಸಿಗೆಯ ಆಟೊ ಚಾಲಕ, ಹೋದ ತಿಂಗಳು ಪಕ್ಕದಲ್ಲಿದ್ದವನು ಎಲ್ಲಿ ಎಂದು ಕೇಳುತ್ತಿದ್ದ. ಅವನು ತೀರಿಕೊಂಡಿದ್ದ. ಇವರಲ್ಲಿ ಹೆಚ್ಚಿನವರು ಗುಣವಾಗುವುದಿಲ್ಲ, ನಾವು ದಿನಗಳನ್ನು ಮುಂದೂಡುತ್ತಿರುತ್ತೇವೆ ಅಷ್ಟೆ. ಅದನ್ನು ನಾಲ್ಕು ಗಂಟೆ ಬರಿಗಣ್ಣಿನಿಂದ ನೋಡುತ್ತಾ ಕೂರುವುದು ಕಷ್ಟ. ಇಷ್ಟು ವರ್ಷ ನಾನು ಫೋನಿನೊಳಗೆ ಬಚ್ಚಿಟ್ಟುಕೊಳ್ಳುತ್ತಿದ್ದದ್ದು ಇದರಿಂದಲೇ ಎಂದು ಗೊತ್ತಾಯಿತು. ಗೊತ್ತಾದದ್ದರಿಂದ ಕಷ್ಟವೇನೂ ಕಡಿಮೆಯಾಗಲಿಲ್ಲ.

ಮೂರು ತಿಂಗಳ ಮೇಲೆ ಒಂದು ಸೋಮವಾರ ಕುಕ್ಕುವಾಡದವಳು ಬಾಗಿಲಲ್ಲಿ ನಿಂತಿದ್ದಳು. ಜೊತೆಗೆ ಹರಿಹರದ ಅಕ್ಕ. ಎಡಗೈ ಮೊಣಕೈಯಿಂದ ಮೇಲೆ ನೀಲಿಗಟ್ಟಿ ಊದಿಕೊಂಡಿತ್ತು. ಹೊಸ ಜಾಗದಲ್ಲಿ ಯಾರಿಗೂ ಅವಳ ನರ ಸಿಗುತ್ತಿರಲಿಲ್ಲ. ಅಕ್ಕ ನನ್ನ ಮುಖ ನೋಡಲಿಲ್ಲ. ತಂಗಿಯ ಚಪ್ಪಲಿಯನ್ನು ಮಂಚದ ಕೆಳಗೆ ಜೋಡಿಸಿಟ್ಟು, ಹೊರಗಿನ ಬೆಂಚಿನ ಮೇಲೆ ಹೋಗಿ ಕೂತಳು.

"ನಿಮ್ಮ ಹತ್ರ ಬರಬಾರ್ದು ಅಂತಿದ್ದೆ. ಈ ಕೈ ನಿಮಗಷ್ಟೇ ಗೊತ್ತೈತೆ," ಎಂದು ಕುಕ್ಕುವಾಡದವಳು ಕೈ ಚಾಚಿದಳು. "ಕ್ಷಮಿಸೀನಿ ಅಂತ ತಿಳ್ಕೋಬ್ಯಾಡ್ರಿ."

ಇಲ್ಲ ಎಂದೆ. ಒಂದೇ ಸಲಕ್ಕೆ ಎರಡೂ ಸೂಜಿ ಹೋದವು. ಮೂರು ಪಟ್ಟಿ ಹಾಕಿದೆ. ಒಂದು, ಎರಡು, ಮೂರು ಎಂದು ಅವಳು ಎಣಿಸಿದಳು. ಕೈಯನ್ನು ಹೊದಿಕೆಯ ಹೊರಗೆ ಹಸಿರು ಬಟ್ಟೆಯ ಮೇಲೆ ಇಟ್ಟಳು. ಫೋನ್ ತಂದಿರಲಿಲ್ಲ.

ಈಗ ಅವಳು ಬಂದಾಗಲೆಲ್ಲ ಹೀಗೆಯೇ. ಬೇರೆ ಸಾಲುಗಳ ಬಗ್ಗೆ ಅವಳು ಮಾತಾಡುವುದಿಲ್ಲ. ಹನ್ನೊಂದೂವರೆ ಹತ್ತಿರವಾದಾಗ ಮಾತ್ರ ಗೋಡೆಯ ಗಡಿಯಾರದಿಂದ ಕಣ್ಣು ತೆಗೆದು ನನ್ನ ಕಡೆ ತಿರುಗುತ್ತಾಳೆ.

"ಬರೆದ್ರೇನ್ರಿ, ಹನ್ನೊಂದೂವರೇದು?"

"ಇಲ್ಲ ತಂಗಿ. ಇನ್ನೂ ಒಂದು ನಿಮಿಷ ಐತೆ."

ದಾರಕ್ಕೆ ಕಟ್ಟಿದ ಪೆನ್ನು ಹಿಡಿದು, ಎಡಗೈಯನ್ನು ಅವಳ ಕೈಯ ಮೇಲಿಟ್ಟು ನಿಲ್ಲುತ್ತೇನೆ. ಬೆರಳಡಿಯಲ್ಲಿ ರಕ್ತ ಓಡುವುದು ತಿಳಿಯುತ್ತದೆ. ಅವಳು ಗಡಿಯಾರ ನೋಡುತ್ತಾಳೆ, ನಾನೂ ನೋಡುತ್ತೇನೆ. ಆ ಒಂದು ನಿಮಿಷ ಮುಗಿಯುವ ತನಕ ಇಬ್ಬರೂ ಕಾಯುತ್ತೇವೆ.